ಅಂಟದ ಉಗುಳು

“ಆ ಮಸಿ ಕೈಯಲ್ಲಿ ಮುಟ್ಬೇಡ್ವೋ, ಮೊದ್ಲು ಒರೆಸ್ಕೋ. ಮಾಲೀಕನಾಗೋ ಕಾಗದ ಕಣೋ ಅದು, ನಿನ್ನ ಊಟದ ಡಬ್ಬಿ ಸುತ್ತೋದಲ್ಲ.”

ಕುಲುಮೆಯವನು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡ. ಪ್ಯಾಂಟೂ ಅಷ್ಟೇ ಮಸಿಯಾಗಿತ್ತು. ಸಿಬ್ಬಂದಿ ಅಧಿಕಾರಿ ಕಾಗದವನ್ನು ಅಳತೆಪಟ್ಟಿಯ ತುದಿಯಿಂದ ಮೇಜಿನ ಅಂಚಿಗೆ ತಳ್ಳಿದ. ಎದುರಿಗೆ ಕುರ್ಚಿ ಖಾಲಿಯಿತ್ತು, ಕೂರಲು ಹೇಳಲಿಲ್ಲ.

ಕಾಗದದಲ್ಲಿದ್ದದ್ದು ಇಷ್ಟು. ನಿವೃತ್ತಿಗೆಂದು ತಿಂಗಳು ತಿಂಗಳು ಸಂಬಳದಲ್ಲಿ ಹಿಡಿದಿಟ್ಟ ಹಣವನ್ನೆಲ್ಲ ಒಟ್ಟಿಗೆ ತೆಗೆದು ಕಂಪನಿಯ ಷೇರು ಕೊಳ್ಳಬೇಕು. ಪೇಟೆಯ ದರಕ್ಕಿಂತ ಅಗ್ಗ. ಆದರೆ ಐದು ವರ್ಷ ಮಾರುವಂತಿಲ್ಲ. ಬಾಟಲಿ ಕಾರ್ಖಾನೆಯ ಕುಲುಮೆಯ ಮುಂದೆ ಇಪ್ಪತ್ತಾರು ವರ್ಷ ಬೆಂದ ಈತನಿಗೆ ಉಳಿದಿದ್ದ ಸೇವೆ ನಾಲ್ಕೇ ವರ್ಷ. ಆಮೇಲೆ ಕಂಪನಿ ಮನೆ ಬಿಡಬೇಕು. ಆ ಹಣದಲ್ಲಿ ಎರಡು ಕೋಣೆಯ ಸ್ವಂತ ಮನೆ ಎಂದು ಹೆಂಡತಿ ಆಗಲೇ ಬಾಗಿಲು ಯಾವ ದಿಕ್ಕಿಗೆ ಎನ್ನುವವರೆಗೆ ಯೋಚಿಸಿಟ್ಟಿದ್ದಳು.

“ಸಾಹೇಬ್ರು ಎಷ್ಟು ತಗೊಂಡ್ರಿ?” ಎಂದು ಕೇಳಿದ.

“ನನ್ನ ಚಡ್ಡಿ ಅಳತೇನೂ ಕೇಳ್ತೀಯೇನೋ? ಬಾಯಿಗೆ ತುತ್ತು ಇಟ್ರೂ ನುಂಗಕ್ಕೆ ಬರಲ್ಲ ಮುಂಡೇವಕ್ಕೆ. ಶನಿವಾರ ಸಹಿ ಬೀಳ್ಲಿಲ್ಲ ಅಂದ್ರೆ ನೀನು, ನಿನ್ನ ಹೆಂಡ್ತಿ, ನಿನ್ನ ಅಳಿಯ, ಮೂರೂ ಜನ ಚೂರುಗಾಜಿನ ಅಂಗಳಕ್ಕೆ.”

ಚೂರುಗಾಜಿನ ಅಂಗಳದಲ್ಲಿ ಒಡೆದ ಬಾಟಲಿಗಳನ್ನು ಬಣ್ಣ ನೋಡಿ ಕೈಯಲ್ಲೇ ಬೇರೆ ಮಾಡಬೇಕು. ಅಲ್ಲಿ ಹತ್ತು ಬೆರಳೂ ನೆಟ್ಟಗಿರುವವರು ಕಡಿಮೆ.

ಆ ವಾರವೆಲ್ಲ ಕಾರ್ಖಾನೆಯಲ್ಲಿ ಅದೇ ಮಾತು ಓಡಾಡಿತು. ಮೇಸ್ತ್ರಿ ಗುಡಿಸುವವಳನ್ನು “ಏನ್ ಮಾಲೀಕರೇ, ಕಕ್ಕಸು ತೊಳ್ದಾಯ್ತಾ?” ಎಂದು ಕೇಳಿದ. ಅವಳು ತಿರುಗಿ, ನಿಮ್ಮದೊಂದು ಉಳಿದಿದೆ, ಕೂತಿರಿ, ಬಂದೆ ಎಂದಳಂತೆ. ಎಲ್ಲರೂ ನಕ್ಕರು. ನಕ್ಕವರಲ್ಲಿ ಅರ್ಧ ಜನ ಆಗಲೇ ಸಹಿ ಹಾಕಿದ್ದರು.

ಕುಲುಮೆಯವನು ಬೆಳಗಿನ ಪಾಳಿ ಮುಗಿಸಿ ಮನೆಗೆ ಬಂದಾಗ ಅಳಿಯ ಕಾಗದ ಹಿಡಿದು ಕೂತಿದ್ದ. ಅಚ್ಚಿನ ಯಂತ್ರ ನಡೆಸುವ ಹುಡುಗ, ಕೆಲಸಕ್ಕೆ ಸೇರಿ ಆರು ವರ್ಷ. ಸಹಿ ಹಾಕುವುದೇ ಸೈ ಎಂದ.

“ಈ ಕುಲುಮೆ ಈಚೆಗೆ ಆರಿದ್ದು ನೋಡಿದೀರಾ ಮಾವ? ಹನ್ನೊಂದು ವರ್ಷ ಆಯ್ತು, ಒಂದು ಗಳಿಗೆ ಆರಿಲ್ಲ. ಅದು ಉರಿಯೋವರ್ಗೂ ಕಂಪನಿಗೆ ಏನಾಗುತ್ತೆ?”

ಹೆಂಡತಿ ಬಾಟಲಿಗಳ ಬಿರುಕು ಹುಡುಕುವ ಕೆಲಸದವಳು. ದಿನಕ್ಕೆ ಎಂಟು ಗಂಟೆ ದೀಪದ ಮುಂದೆ ಗಾಜು ನೋಡಿ ನೋಡಿ, ಮಾತಾಡುವಾಗಲೂ ಕಣ್ಣು ಕಿರಿದು ಮಾಡುತ್ತಿದ್ದಳು.

“ನಾನೂ ಅಲ್ಲೇ, ಇವರೂ ಅಲ್ಲೇ, ನೀನೂ ಅಲ್ಲೇ. ತಲೆ ಮೇಲಿನ ಸೂರೂ ಅವರದೇ. ಇಟ್ಕೊಂಡಿರೋ ನಾಕು ಕಾಸೂ ಅಲ್ಲೇ ಹಾಕಿದ್ರೆ, ಗೇಟು ಮುಚ್ಚೋ ದಿನ ಬೀಗಾನೂ ನಮಗೇ ತರಕ್ಕೆ ಹೇಳ್ತಾರೆ.”

“ಹಾಕ್ದಿದ್ರೆ ಅಂಗಳ ಅತ್ತೆ. ನಿಮ್ಮ ಮಗಳು ಈಗ ಆರು ತಿಂಗಳ ಬಸುರಿ.”

ಕುಲುಮೆಯವನು ಲೆಕ್ಕ ಹಾಕುತ್ತಿದ್ದದ್ದು ಗೋಡೆಯದು.

ಕುಲುಮೆಯ ಬೆಂಕಿಯನ್ನು ಎಲ್ಲರೂ ನೋಡುತ್ತಿದ್ದರು. ಗೋಡೆಯನ್ನು ನೋಡುವುದು ಅವನ ಕೆಲಸ. ಕರಗಿದ ಗಾಜು ಒಳಗಿನಿಂದ ಇಟ್ಟಿಗೆಯನ್ನು ನೆಕ್ಕುತ್ತಲೇ ಇರುತ್ತದೆ. ಎಂಟು ವರ್ಷಕ್ಕೊಮ್ಮೆ ನಿಲ್ಲಿಸಿ ಹೊಸ ಇಟ್ಟಿಗೆ ಕಟ್ಟಬೇಕು. ಗೇಣಿಗೂ ಮಿಕ್ಕಿ ದಪ್ಪವಿದ್ದದ್ದು ಅಷ್ಟರಲ್ಲಿ ತೆಳ್ಳಗಾಗಿರುತ್ತದೆ. ಎಷ್ಟು ತೆಳ್ಳಗೆ ಎಂದು ತಿಳಿಯಲು ಕುಲುಮೆಯವರಿಗೆ ಹಳೆಯ ಉಪಾಯವೊಂದಿತ್ತು. ಇಟ್ಟಿಗೆಗೆ ಒತ್ತಿ ಬಿಗಿದ ಕಬ್ಬಿಣದ ಪಟ್ಟಿಗೆ ಉಗುಳುವುದು. ಗೋಡೆ ಗಟ್ಟಿಯಿದ್ದರೆ ಉಗುಳು ಅಂಟಿಕೊಂಡು ಮೆಲ್ಲಗೆ ಒಣಗುತ್ತದೆ. ಸವೆದರೆ ಚುಂಯ್ ಎನ್ನುತ್ತದೆ. ತೀರಾ ಸವೆದ ಮೇಲೆ ಅಂಟುವುದೇ ಇಲ್ಲ, ಗುಂಡಗಾಗಿ ಉರುಳಿ ಹಾರುತ್ತದೆ. ಕರಗಿದ ಗಾಜು ಯಾವಾಗ ಬೇಕಾದರೂ ಗೋಡೆ ಒಡೆದು ಹೊರಬೀಳಬಹುದು, ಆ ದಿನ ಪಟ್ಟಿಯಿಂದ ದೂರ ನಿಲ್ಲಬೇಕು. ಕೆಲಸಕ್ಕೆ ಸೇರಿದ ಮೊದಲ ದಿನವೇ ಎಲ್ಲರಿಗೂ ಕಲಿಸುತ್ತಿದ್ದ ಪಾಠ ಇದು, ಯಂತ್ರದವರಿಗೂ ಕೂಡ. ಆಮೇಲೆ ಉಗುಳಿ ನೋಡುತ್ತಿದ್ದವನು ಇವನೊಬ್ಬನೇ.

ಹೋದ ತಿಂಗಳಿಂದ ಉಗುಳು ಅಂಟುತ್ತಿರಲಿಲ್ಲ.

ಪಾಳಿ ಪುಸ್ತಕದಲ್ಲಿ ನಾಲ್ಕು ಸಲ ಬರೆದಿದ್ದ: ಇಟ್ಟಿಗೆ ಬೇಕು. ಮೊದಲ ಸಲ ಎಂಜಿನಿಯರು ‘ನೋಡೋಣ’ ಎಂದು ಬರೆದ. ಉಳಿದ ಮೂರು ಸಲ ಬರೀ ಗೀಟು ಎಳೆದ. ಅಂಥ ಇಟ್ಟಿಗೆ ಹೇಳಿ ಮಾಡಿಸಿ ತರಿಸಲು ಆರು ತಿಂಗಳು ಬೇಕು. ಉಗ್ರಾಣದವನನ್ನು ಕೇಳಿದ. ಒಂದು ಇಟ್ಟಿಗೆಗೂ ಯಾರೂ ಹೇಳಿರಲಿಲ್ಲ. ಕುಲುಮೆಯನ್ನು ಮತ್ತೆ ಕಟ್ಟುವ ಯೋಚನೆ ಮೇಲಿನವರಿಗೆ ಇದ್ದಂತಿರಲಿಲ್ಲ.

ಶನಿವಾರ ಕುಲುಮೆಯ ಹಜಾರದಲ್ಲೇ ಮೇಜು ಹಾಕಿದರು. ಕಂಪನಿಯ ದೊಡ್ಡ ಸಾಹೇಬರು ಬಿಳಿ ಅಂಗಿ ತೊಟ್ಟು ಬಂದು, ಕುಲುಮೆಯಿಂದ ಹತ್ತು ಹೆಜ್ಜೆ ದೂರದ ಕುರ್ಚಿಯಲ್ಲಿ ಕೂತರು. ನಾವೆಲ್ಲ ಒಂದೇ ಮನೆಯವರು ಎಂದರು. ಸಾಲು ಬಾಗಿಲಾಚೆಗೂ ಇತ್ತು. ಅಳಿಯ ಮುಂದಿದ್ದ. ಮಾವನ ಕಡೆ ನೋಡದೆ ಸಹಿ ಹಾಕಿದ. ಅಧಿಕಾರಿ ಕಾಗದವನ್ನು ಫೈಲಿಗೆ ಸೇರಿಸಿದ.

ಕುಲುಮೆಯವನ ಸರದಿ ಬಂತು. ಅಧಿಕಾರಿ ಪೆನ್ನು ಚಾಚಿದ. ಅವನು ಪೆನ್ನು ಬಿಟ್ಟು ಕುಲುಮೆಯ ಕಡೆ ನಡೆದ. ಪಟ್ಟಿಯ ಮುಂದೆ ನಿಂತು ಬಾಯಿ ತುಂಬ ಉಗುಳಿದ.

ಉಗುಳು ಅಂಟಲಿಲ್ಲ. ಪಾದರಸದಂತೆ ಗುಂಡಗಾಗಿ ಪಟ್ಟಿಯುದ್ದಕ್ಕೂ ಕುಣಿದು ಕೆಳಗೆ ಹಾರಿತು.

“ಯಾರ ಎದುರಿಗೋ ಉಗೀತೀಯ, ಬೋಳಿಮಗನೇ?” ಅಧಿಕಾರಿ ಓಡಿ ಬಂದು ಅವನ ಕೆನ್ನೆಗೆ ಬಾರಿಸಿದ. ನೆಲ ಒರೆಸು ಎಂದ, ಸಾಹೇಬರ ಕಾಲು ಹಿಡಿ ಎಂದ. ಅಧಿಕಾರಿಗೆ ಕಂಡದ್ದು ಬರೀ ಅವಮಾನ. ಸಾಲಿನಲ್ಲಿದ್ದವರು ಪಟ್ಟಿಯನ್ನು ನೋಡುತ್ತಿದ್ದರು.

ಗುಡಿಸುವವಳು ಪೊರಕೆ ಗೋಡೆಗೆ ಒರಗಿಸಿ ಬಂದು ಉಗುಳಿದಳು. ಉರುಳಿತು. ಅವಳ ಹಿಂದೆ ಚೂರುಗಾಜಿನ ಅಂಗಳದ ಮುದುಕನೊಬ್ಬ, ಅವನ ಹಿಂದೆ ಬಾಟಲಿ ನೋಡುವ ಹೆಂಗಸರು. ಮೇಜಿನ ಮುಂದಿದ್ದ ಸಾಲು ಪಟ್ಟಿಯ ಮುಂದಕ್ಕೆ ಬಂತು. ಹೆಂಡತಿ ಉಗುಳಿ, ಕಣ್ಣು ಕಿರಿದು ಮಾಡಿ, ಅದು ಹಾರುವವರೆಗೂ ನೋಡಿದಳು. ಸಹಿ ಹಾಕದ ತನ್ನ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎಂಜಿನಿಯರು ಬಗ್ಗಿ ದೊಡ್ಡ ಸಾಹೇಬರ ಕಿವಿಯಲ್ಲಿ ಏನೋ ಹೇಳಿದ. ಸಾಹೇಬರು ಎದ್ದರು. ಜವಾನ ಅವರ ಕುರ್ಚಿಯನ್ನು ಎತ್ತಿ ಬಾಗಿಲ ಬಳಿಗೆ ಒಯ್ದು ಇಟ್ಟ. ಅವರು ಅಲ್ಲಿ ಕೂತರು. ಅದನ್ನು ನೋಡದವರು ಹಜಾರದಲ್ಲಿ ಯಾರೂ ಇರಲಿಲ್ಲ.

ಅಳಿಯ ಕೊನೆಗೆ ಬಂದ. ಅವನ ಬಾಯಿ ಒಣಗಿತ್ತು, ಎರಡು ಸಲ ಪ್ರಯತ್ನಿಸಬೇಕಾಯಿತು. ಆಮೇಲೆ ಮೇಜಿನ ಬಳಿ ಹೋಗಿ ಕೈ ಚಾಚಿದ.

“ನನ್ನ ಕಾಗದ ಕೊಡಿ ಸಾರ್.”

ಅಧಿಕಾರಿ ಫೈಲು ಮುಚ್ಚಿ ಅದರ ಮೇಲೆ ಎರಡೂ ಮೊಣಕೈ ಊರಿದ.

“ಕೊಡಿ.”

ಕುಲುಮೆಯವನು ಬಂದು ಅಳಿಯನ ಪಕ್ಕ ನಿಂತ. ಕೆನ್ನೆಯ ಮೇಲೆ ಐದು ಬೆರಳೂ ಎದ್ದಿದ್ದವು. ಹಿಂದೆ ಒಬ್ಬೊಬ್ಬರೇ ಸೇರತೊಡಗಿದರು, ಸಹಿ ಹಾಕಿದವರು, ಹಾಕದವರು. ಯಂತ್ರಗಳಿಗೆ ಗಾಜು ಇಳಿಯುತ್ತಲೇ ಇತ್ತು, ಹಿಡಿಯುವವರಿಲ್ಲದೆ ಬಾಟಲಿಗಳು ಒಂದೊಂದಾಗಿ ಓಡುವ ಬೆಲ್ಟಿನ ತುದಿಗೆ ಬಂದು ಬಿದ್ದು ಒಡೆಯುತ್ತಿದ್ದವು. ಅಳಿಯನ ಕೈ ಚಾಚಿದಂತೆಯೇ ಇತ್ತು.