ಮಾವ ಬಡಿಸಿದ ಊಟ

ಕಟ್ಟಡಕ್ಕೆ ಬಣ್ಣ ಬಳಿಯುತ್ತಿದ್ದ ಮಗ, ನಿಂತಿದ್ದ ಸಾರುವೆ ಕುಸಿದು ಬಿದ್ದು ಸತ್ತಾಗ ಸೊಸೆ ಬಸುರಿ. ಮನೆಯಲ್ಲಿ ಉಳಿದವರು ಅವಳು ಮತ್ತು ಬಟ್ಟೆ ಗೋದಾಮಿನ ಕಾವಲುಗಾರನಾಗಿದ್ದ ಮಾವ, ಇಬ್ಬರೇ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು.

ಸೊಸೆ ಊಟ ಬಿಟ್ಟಳು. ಬೇಯಿಸಿದ್ದನ್ನು ಮಾವನಿಗೆ ಬಡಿಸಿ, ತಾನು ಬರೀ ಟೀ ಕುಡಿದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದಳು. ಆಸ್ಪತ್ರೆಯ ನರ್ಸ್ ಅವಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಮುದುಕ ಮಾವನನ್ನು ಹೊರಗೆ ಕರೆದಳು.

“ಮೈಯಲ್ಲಿ ರಕ್ತಾನೇ ಇಲ್ಲ. ಹೀಗೇ ಬಿಟ್ರೆ ಹೆರಿಗೆ ಹೊತ್ತಿಗೆ ತಾಯೀನೂ ಉಳಿಯಲ್ಲ. ಮಾತ್ರೆ ಕೊಡ್ತೀನಿ, ಆದ್ರೆ ಹೊಟ್ಟೆಗೂ ಬೀಳ್ಬೇಕು.”

“ನನ್ನ ಸಂಬಳದಲ್ಲಿ ಸೇಬು, ದಾಳಿಂಬೆ ಎಲ್ಲಿಂದ ತರ್ಲಿ ತಾಯೀ?”

“ಸೇಬು ಯಾರು ಕೇಳಿದ್ರು? ಬೇಳೆ, ಸೊಪ್ಪು, ಮೊಟ್ಟೆ. ಮೇಲೊಂದಿಷ್ಟು ನಿಂಬೆಹಣ್ಣು ಹಿಂಡಿ. ಊಟದ ಜೊತೆ ಟೀ ಮಾತ್ರ ಬೇಡ.”

ಮುದುಕ ಅಂದೇ ನಶ್ಯ ಬಿಟ್ಟ. ಆ ದುಡ್ಡಿಗೆ ಮೊಟ್ಟೆ ಬಂತು. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಮಾರುಕಟ್ಟೆಗೆ ಹೋಗಿ, ಬಾಡಿದರೂ ಕೊಳೆಯದ ಸೊಪ್ಪನ್ನು ಚೌಕಾಸಿ ಮಾಡಿ ತರುತ್ತಿದ್ದ. ಗಿರಾಕಿಗಳು ಮುರಿದು ಬಿಟ್ಟುಹೋದ ಮೂಲಂಗಿ ಎಲೆಯನ್ನು ಸೊಪ್ಪಿನವಳು ಪುಕ್ಕಟೆ ಕೊಡುತ್ತಿದ್ದಳು.

“ಮನೇಲಿ ಮೊಲ ಸಾಕಿದ್ದೀರಾ ಯಜಮಾನ್ರೇ?”

“ಹೂಂ, ಎರಡು ಜೀವದ ಮೊಲ.”

ಅಡುಗೆಯನ್ನೂ ತಾನೇ ವಹಿಸಿಕೊಂಡ, ಆದರೆ ಅಡುಗೆಮನೆ ಅವನಿಗೆ ಪರದೇಶ. ಮೊದಲ ದಿನ ಬೇಳೆ ತಳ ಹಿಡಿಯಿತು, ಸೊಪ್ಪಿನಲ್ಲಿ ಮರಳು ಕರಕರ ಅಂದಿತು. ತಟ್ಟೆ ಮುಂದಿಟ್ಟರೆ ಸೊಸೆ ತಲೆ ಅಲ್ಲಾಡಿಸಿದಳು.

“ಯಾರಿಗೋಸ್ಕರ ತಿನ್ಲಿ ಮಾವ?”

ಮಗುವಿಗೋಸ್ಕರ ಎನ್ನಬಹುದಿತ್ತು. ಮುದುಕ ತಟ್ಟೆಯನ್ನು ಇನ್ನಷ್ಟು ಹತ್ತಿರ ಸರಿಸಿದ. “ಕೈ ಸುಟ್ಕೊಂಡು ಮಾಡಿದ್ದೀನಮ್ಮಾ. ನನ್ನ ಮುಖ ನೋಡಿ ಎರಡು ತುತ್ತು” ಎಂದ.

ಅವಳು ಬಾಯಿಗಿಟ್ಟಳು. “ಉಪ್ಪೇ ಹಾಕಿಲ್ಲ.”

“ನಿಮ್ಮತ್ತೆ ಇದ್ದಾಗ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನಾನು ಕೇಳಿದ್ದೇ ಇಲ್ಲ ಕಣಮ್ಮಾ.”

ಅವಳ ತುಟಿಯಂಚಿಗೆ ನಗು ಬಂದಂತಾಗಿ, ಅಲ್ಲೇ ಅಳುವಾಯಿತು. ಆದರೂ ತಟ್ಟೆ ಖಾಲಿ ಮಾಡಿದಳು.

ಬರಬರುತ್ತಾ ಮುದುಕನ ಕೈ ಪಳಗಿತು, ಸೊಸೆಯ ಮುಖಕ್ಕೆ ಕಳೆ ಬಂತು. ಆದರೆ ದಿನ ತುಂಬುವುದಕ್ಕೆ ಎಷ್ಟೋ ಮುಂಚೆ ನೋವು ಕಾಣಿಸಿಕೊಂಡಿತು. ಹುಟ್ಟಿದ್ದು ಗಂಡು, ಹಿಡಿಯಷ್ಟು ಕೂಸು. ಒಮ್ಮೆ ಸಣ್ಣಗೆ ಅತ್ತು, ಸಂಜೆಯೊಳಗೆ ಸುಮ್ಮನಾಯಿತು.

“ಇವಳಿಗೆ ರಕ್ತ ತುಂಬಾ ಹೋಯ್ತು. ನೀವು ಹಾಗೆ ನೋಡ್ಕೊಳ್ದೇ ಇದ್ದಿದ್ರೆ ಇವಳೂ ದಕ್ತಿರ್ಲಿಲ್ಲ” ಎಂದಳು ನರ್ಸ್. ಆ ಮಾತು ಮುದುಕನ ಕಿವಿಗೆ ಬಿತ್ತೇ ಹೊರತು ಎದೆಗಿಳಿಯಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಅದರ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿ ಬಂದ.

ಸೊಸೆಯನ್ನು ಮನೆಗೆ ಕರೆತಂದ ಮೇಲೆ ಅವನು ಒಲೆ ಹಚ್ಚಲಿಲ್ಲ. ನೆರೆಯವರು ಕೊಟ್ಟದ್ದನ್ನು ಅವಳ ಮುಂದಿಟ್ಟು ಹೊಸ್ತಿಲ ಮೇಲೆ ಕೂರುತ್ತಿದ್ದ. ಗೋದಾಮಿನಿಂದ ಕರೆ ಬಂದರೂ ಏಳಲಿಲ್ಲ.

ಒಂದು ಮಧ್ಯಾಹ್ನ ಸೊಸೆ ಗೋಡೆ ಹಿಡಿದುಕೊಂಡು ಬಂದು ಅವನ ಪಕ್ಕ ಕುಳಿತಳು.

“ಏನಾದ್ರೂ ತಿಂದ್ರಾ?”

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ.

“ಮಾವ, ನಂಗೆ ಹಸಿವಾಗ್ತಿದೆ.”

ಗಂಡ ಹೋದಂದಿನಿಂದ ಅವಳ ಬಾಯಲ್ಲಿ ಆ ಮಾತು ಬಂದಿರಲಿಲ್ಲ. ಮುದುಕ ಅವಳ ಮುಖ ನೋಡಿದ. ಆಮೇಲೆ ಮಂಡಿಗೆ ಕೈಯೂರಿ ಎದ್ದು, ಕಣ್ಣೊರೆಸಿಕೊಂಡು ಒಳಗೆ ಹೋಗಿ ಬೇಳೆ ತೊಳೆಯತೊಡಗಿದ. ಮನೆಯಲ್ಲಿ ಸೊಪ್ಪಿರಲಿಲ್ಲ, ಇದ್ದ ಒಂದೇ ಈರುಳ್ಳಿಯನ್ನು ಅವಳು ಒಲೆಯ ಪಕ್ಕ ಕೂತು ಹೆಚ್ಚಿದಳು. ಬೇಳೆ ಬೇಯಲು ಹೊತ್ತು ಹಿಡಿಯಿತು. ಇಬ್ಬರೂ ಒಲೆಯ ಮುಂದೆ ಕಾದು ಕುಳಿತರು.