ಹೆಗಲಿಗೂ ಬಂದೂಕಿಗೂ ನಡುವೆ

ಬಂಡೆಪ್ಪ ಕಾಚಿಗೂಡದ ನಮ್ಮ ವಠಾರದಲ್ಲಿ ಕೆಳಗಿನ ಮನೆಯವನು. ಹುಮನಾಬಾದ ಕಡೆಯಿಂದ ಬಂದು, ಒಂದು ಬ್ಯಾಂಕಿನ ಬಾಗಿಲಲ್ಲಿ ತನ್ನದೇ ಲೈಸೆನ್ಸಿನ ಬಂದೂಕು ಹಿಡಿದು ಹತ್ತೊಂಬತ್ತು ವರ್ಷ ಕಾವಲು ನಿಂತವನು. ಅವನ ಹೆಂಡತಿ ಯಮುನಾಬಾಯಿ ಕಾರ್ತಿಕ ಮಾಸದಲ್ಲಿ ಮೂರೇ ದಿನದ ಜ್ವರಕ್ಕೆ ತೀರಿಕೊಂಡಳು. ಅವನು ಅಳಲಿಲ್ಲ. ಅವಳ ಹೆಸರನ್ನೂ ಎತ್ತಲಿಲ್ಲ. ದಿನಕರ್ಮಗಳು ಮುಗಿದ ಮರುದಿನವೇ ಖಾಕಿ ತೊಟ್ಟು ಕೆಲಸಕ್ಕೆ ಹೋದ.

ಅವನ ಕಂಪನಿಯಲ್ಲಿ ಕಾವಲುಗಾರರಿಗೆ ವರ್ಷಕ್ಕೊಮ್ಮೆ ಗುರಿ ಪರೀಕ್ಷೆ. ಲಿಂಗಂಪಲ್ಲಿಯಾಚೆಯ ಮೈದಾನದಲ್ಲಿ ಐದು ತೋಟಾ ಹಾರಿಸಬೇಕು. ಮೂರಾದರೂ ಹಲಗೆಗೆ ತಗುಲಬೇಕು. ಮಾಘದಲ್ಲಿ ನಡೆದ ಪರೀಕ್ಷೆಯಲ್ಲಿ ಬಂಡೆಪ್ಪನದು ಒಂದೂ ತಗುಲಲಿಲ್ಲ. ಎಲ್ಲವೂ ಹಲಗೆಯ ಮೇಲಿಂದ ಹಾರಿಹೋದವು. ಮೇಲ್ವಿಚಾರಕ ಗೊಲ್ಲಾಳಪ್ಪ ಒಳ್ಳೆಯವನು. ದೊಡ್ಡವರಿಗೆ ಹೇಳಿ, ಎಂಟು ದಿನದ ಮೇಲೆ ಇನ್ನೊಂದು ಸರದಿ ಕೊಡಿಸಿದ. ಅದರಲ್ಲೂ ತಪ್ಪಿದರೆ ಕೆಲಸ ಹೋಗುತ್ತಿತ್ತು.

ಗೊಲ್ಲಾಳಪ್ಪ ಮಹಡಿ ಹತ್ತಿ ನಮ್ಮ ಮನೆಗೇ ಬಂದ.

“ಮಾಸ್ತರ್ರೀ, ಬಂಡೆಪ್ಪಗ ನೀವರ ಒಂದ್ ಮಾತ ಕೇಳ್ರಿ. ಹತ್ತೊಂಬತ್ತ ವರ್ಷ ಬಂದೂಕು ಹೊತ್ತಾಂವ, ಈಗ ಅದನ್ನ ಕಂಡ್ರ ಹೊಸಾ ಮದಮಗಳಂಗ ದೂರ ಸರಿಯಾಕತ್ತಾನ.”

ನಾನು ದಿಲ್‌ಸುಖ್‌ನಗರದ ಕಾಲೇಜೊಂದರಲ್ಲಿ ಮೂವತ್ತೊಂದು ವರ್ಷ ಭೌತಶಾಸ್ತ್ರ ಕಲಿಸಿದವನು. ಬಂದೂಕು ಹಿಡಿದು ಗೊತ್ತಿಲ್ಲ. ಅದು ಯಾಕೆ ಒದೆಯುತ್ತದೆ ಎಂಬುದು ಮಾತ್ರ ಗೊತ್ತು. ಸಂಜೆ ದೇವರಿಗೆ ದೀಪ ಹಚ್ಚಿ ಕೆಳಗಿಳಿದೆ. ಬಂಡೆಪ್ಪ ಅಂಗಿ ಬಿಚ್ಚಿ ಹೆಗಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಎಲುಬಿನ ಮೇಲೆ ಅಂಗೈಯಗಲ ಕಪ್ಪಗಾಗಿತ್ತು. ಈ ಸಲದ ತೋಟಾದಲ್ಲಿ ಮದ್ದು ಹೆಚ್ಚು ತುಂಬಿದ್ದಾರೆ ಎಂದ. ಅದೇ ಪೆಟ್ಟಿಗೆಯ ತೋಟಾ ಹಾರಿಸಿದ ಉಳಿದವರಿಗೆ ಏನೂ ಆಗಲಿಲ್ಲವಲ್ಲ ಎಂದು ಕೇಳಿದರೆ ಎಣ್ಣೆಯ ಬಟ್ಟಲನ್ನು ಬದಿಗೆ ಸರಿಸಿದ.

ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಹಿಂದೆ ಬರೆದು ತೋರಿಸಿದೆ. ಒಂದು ತೋಟಾದೊಳಗಿನ ಛರ್ರೆ, ಅಂದರೆ ಸೀಸದ ಸಣ್ಣ ಗುಂಡುಗಳು, ಒಟ್ಟು ಸುಮಾರು ಮೂವತ್ತು ಗ್ರಾಂ. ಸೆಕೆಂಡಿಗೆ ನಾಲ್ಕು ನೂರು ಮೀಟರ್ ಓಡುತ್ತದೆ. ತೂಕವನ್ನೂ ವೇಗವನ್ನೂ ಗುಣಿಸಿದರೆ ಬರುವುದೇ ಸಂವೇಗ. ಮುಂದಕ್ಕೆ ಎಷ್ಟು ಸಂವೇಗ ಹೋಯಿತೋ ಅಷ್ಟೇ ಹಿಂದಕ್ಕೂ ಬರಬೇಕು. ಅದು ಭಗವಂತ ಇಟ್ಟ ನೇಮ, ಯಾರಿಗಾಗಿಯೂ ಕಡಿಮೆಯಾಗುವುದಿಲ್ಲ. ಬಂದೂಕು ಮೂರು ಕಿಲೋ. ಹೆಗಲಿಗೆ ತಾಗದೆ ಬಿಡಿಯಾಗಿದ್ದರೆ ಅದೊಂದೇ ಸೆಕೆಂಡಿಗೆ ನಾಲ್ಕು ಮೀಟರ್ ವೇಗದಲ್ಲಿ ಹಿಂದೆ ಬಂದು ಎಲುಬಿಗೆ ಬಡಿಯುತ್ತದೆ, ನಳಿಗೆ ಮೇಲಕ್ಕೆ ಜಿಗಿಯುತ್ತದೆ. ಹೆಗಲಿಗೆ ಒತ್ತಿ ಹಿಡಿದರೆ ಅರವತ್ತು ಕಿಲೋದ ಮೈಯೂ ಬಂದೂಕಿನ ಜೊತೆ ಸೇರುತ್ತದೆ. ಆಗ ಬರುವ ವೇಗ ಸೆಕೆಂಡಿಗೆ ಇಪ್ಪತ್ತು ಸೆಂಟಿಮೀಟರೂ ಇಲ್ಲ.

“ಇದೇನ್ ನಿನಗ ಹೊಸದಲ್ಲ. ನೀ ನಡುವ ಬೆರಳಷ್ಟ ಜಾಗಾ ಬಿಡಾಕತ್ತೀ. ಯಾಕ?” ಎಂದೆ.

ಅವನು ಎಣ್ಣೆಗೈಯನ್ನು ಪಂಚೆಗೆ ಒರೆಸಿಕೊಂಡ. ಆಮೇಲೆ ಎದ್ದು ಬಂದೂಕು ತಂದ. ನಳಿಗೆಯನ್ನು ಮಡಚಿ, ಒಳಗೆ ತೋಟಾ ಇಲ್ಲವೆಂದು ತೋರಿಸಿ, ಅದರ ಹಿಂಬದಿಯನ್ನು ನನ್ನ ಕಡೆ ತಿರುಗಿಸಿದ. ಹೆಗಲಿಗೆ ಆನಿಸುವ ಕಟ್ಟಿಗೆಯ ಮೇಲೆ, ಅಂಚು ಮಾಸಿದರೂ ಅಳಿಯದೆ ಉಳಿದ ಒಂದು ಕುಂಕುಮದ ಬೊಟ್ಟು.

ದಸರೆಯ ಖಂಡೆಪೂಜೆಗೆ ನಮ್ಮ ಜನ ಮನೆಯ ಆಯುಧಗಳನ್ನು ದೇವರ ಮುಂದಿಡುತ್ತಾರೆ. ಯಮುನಾಬಾಯಿಗೆ ನಳಿಗೆಯೆಂದರೆ ಅಂಜಿಕೆ. ಅದನ್ನು ಗೋಡೆಯ ಕಡೆ ತಿರುಗಿಸಿ ಮಲಗಿಸಿ, ತನ್ನ ಕಡೆ ಉಳಿದ ಹಿಂಬದಿಗೇ ಎಣ್ಣೆಯಲ್ಲಿ ಕಲೆಸಿದ ಕುಂಕುಮ ಹಚ್ಚುತ್ತಿದ್ದಳಂತೆ. ಪ್ರತಿ ವರ್ಷ ಪರೀಕ್ಷೆಯ ದಿನ ಅದು ಅಂಗಿಗೆ ತಿಕ್ಕಿ ಹೋಗುತ್ತಿತ್ತು. ಮುಂದಿನ ದಸರೆಗೆ ಹೊಸದು ಬೀಳುತ್ತಿತ್ತು.

“ಇನ್ನ ಹಚ್ಚವರ ಯಾರ ಅದಾರ್ರಿ?” ಎಂದ ಬಂಡೆಪ್ಪ.

ಬಟ್ಟೆ ಸುತ್ತು ಎಂದೆ. ಬಟ್ಟೆಯೂ ತಿಕ್ಕುತ್ತದೆ ಎಂದ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೋ ಎಂದೆ.

“ಮೂರು ತೆಗದೇನ್ರಿ. ಬರೇ ಕೆಂಪು ಕಾಣ್ತೈತಿ.”

ಹಾಗೆ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು. ನನ್ನ ಹೆಂಡತಿ ಶಿವದೇವಿ ಹೋಗಿ ಎರಡು ವರ್ಷ. ಫೋಟೋ ಎಷ್ಟು ಸಮಾಧಾನ ಕೊಡುತ್ತದೆ ಎಂಬುದು ನನಗೆ ಗೊತ್ತಿಲ್ಲದ್ದಲ್ಲ. ಒತ್ತಿ ಹಿಡಿ ಎಂದು ಮತ್ತೆ ಹೇಳಲು ಬಾಯಿ ಬರಲಿಲ್ಲ. ಬೊಟ್ಟಿಗೆ ಕೈಮುಗಿದು ಮೇಲೆ ಬಂದೆ.

ಪರೀಕ್ಷೆಯ ದಿನ ಗೊಲ್ಲಾಳಪ್ಪ ನನ್ನನ್ನೂ ಕಂಪನಿಯ ವ್ಯಾನಿನಲ್ಲಿ ಕೂರಿಸಿಕೊಂಡ. ಮೈದಾನದಲ್ಲಿ ಹಗ್ಗದ ಹೊರಗೆ, ಬೇವಿನ ಕೆಳಗೆ ನಿಂತೆ. ಬಂಡೆಪ್ಪನ ಮೊದಲ ಗುಂಡು ಹಲಗೆಯ ಮೇಲಿಂದ ಹೋಯಿತು. ಎರಡನೆಯದೂ ಹಾಗೆಯೇ. ಅವನು ಹೆಗಲು ಹಿಡಿದುಕೊಂಡು ಬಾಗಿದ. ಇನ್ನು ಉಳಿದ ಮೂರೂ ತಗುಲಲೇಬೇಕು. ಗೊಲ್ಲಾಳಪ್ಪ ನೆಲ ನೋಡುತ್ತ ನಿಂತ. ಬಂಡೆಪ್ಪ ಬಂದೂಕಿನ ಹಿಂಬದಿಯನ್ನು ತಿರುಗಿಸಿ ನೋಡಿದ. ಹೆಬ್ಬೆರಳು ಹತ್ತಿರ ಒಯ್ದ, ಮುಟ್ಟಲಿಲ್ಲ. ಆಮೇಲೆ ಬಂದೂಕನ್ನೆತ್ತಿ ಹೆಗಲಿನ ಕುಳಿಗೆ ಒತ್ತಿ, ಕೆನ್ನೆಯನ್ನೂ ಕಟ್ಟಿಗೆಗೆ ಆನಿಸಿ ಹಿಡಿದ. ಮೂರೂ ಹಲಗೆಗೆ ತಗುಲಿದವು.

ಹಗ್ಗ ದಾಟಿ ಬಂದಾಗ ಅವನ ಖಾಕಿ ಅಂಗಿಯ ಮೇಲೆ ಮಸುಕಾದ ಕೆಂಪು ಇತ್ತು. ಕಟ್ಟಿಗೆ ಬರಿದಾಗಿತ್ತು.

“ಒದೀಲಿಲ್ರೀ ಮಾಸ್ತರ,” ಎಂದ. “ನೂಕಿತು. ಯಾರರ ಅಂಗೈಲೇ ಮೆಲ್ಲಕ ನೂಕಿದಂಗ.”

ಮರಳುವಾಗ ಅವನು ನನ್ನ ಪಕ್ಕದಲ್ಲಿ ಕೂತ. ಸ್ವಲ್ಪ ದೂರ ಹೋದ ಮೇಲೆ, ಕೇಳದೆಯೇ, ಯಮುನಾ ಮದುವೆಯಾಗಿ ಮೊದಲ ಸಲ ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದಾಗ ತವರಿನ ಬೀಸುವ ಕಲ್ಲನ್ನು ಹೊತ್ತು ತಂದಿದ್ದನ್ನು ಹೇಳತೊಡಗಿದ. ಕೂಲಿಯವನು ನಕ್ಕಿದ್ದಕ್ಕೆ ತೆಲುಗು ಬಾರದ ಅವಳು ಕನ್ನಡದಲ್ಲೇ ಬೈದಳಂತೆ. ಹೇಳುತ್ತಾ ನಕ್ಕ, ನಗುತ್ತಲೇ ಅವನ ಕಣ್ಣಿಂದ ನೀರು ಹರಿಯಿತು. ಒರೆಸಿಕೊಳ್ಳಲಿಲ್ಲ, ಮಾತು ನಿಲ್ಲಿಸಲಿಲ್ಲ. ಮುಂದೆ ಕೂತಿದ್ದ ಗೊಲ್ಲಾಳಪ್ಪ ಕೈ ಚಾಚಿ, ಹಾಡುತ್ತಿದ್ದ ರೇಡಿಯೋ ಬಂದ್ ಮಾಡಿದ.

ವ್ಯಾನು ವಠಾರ ಮುಟ್ಟಿದಾಗ ಬಂಡೆಪ್ಪ ಇನ್ನೂ ಮದುವೆಯಾದ ಮೊದಲ ವರ್ಷದ ಮಾತಿನಲ್ಲೇ ಇದ್ದ. ಯಾರೂ ಇಳಿಯಲಿಲ್ಲ.