ಅಧ್ಯಕ್ಷರ ಟವಲ್

ಫ್ಯಾನಿನ ಗಾಳಿಗೆ ಅಧ್ಯಕ್ಷರ ಖಾಲಿ ಕುರ್ಚಿಯ ಮೇಲಿನ ಟವಲ್ಲಿನ ಕೆಂಪು ಅಂಚು ಅಲುಗಿತು, ಅಲುಗಿದ್ದೇ ತಡ ಕಾರ್ಯದರ್ಶಿ ಅಂಬ್ರಪ್ಪ ನೆಟ್ಟಗೆ ಕುಳಿತರು, ಅಧ್ಯಕ್ಷರೇ ಎದುರಿಗಿದ್ದಾರೇನೋ ಅನ್ನುವ ಹಾಗೆ — ಸುರಪುರದ ಬಸ್ಸಿಗೆ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಅಲ್ಲಿ ಆಮೇಲೆ ಮನುಷ್ಯನಾದರೂ ಹತ್ತಿ ಬರುತ್ತಾನೆ, ಇಲ್ಲಿ ಶಹಾಪುರದ ನಮ್ಮ ನೀರು ಬಳಕೆದಾರರ ಒಕ್ಕೂಟದಲ್ಲಿ ಪ್ರತಿ ಸಭೆಗೂ ಟವಲ್ಲೇ ಕೂರುತ್ತದೆ, ಚಂದ್ರಕಲಾ ಮೇಡಂ, ಸಾಹೇಬ್ರು ಬಂದಾರ ಅನ್ಕೋರಿ, ನಿಮ್ಮ ಕಂಪ್ಯೂಟರ್ ಯೋಜನಾ ಓದ್ರಿ, ಅನ್ನುತ್ತಾರೆ ಅಂಬ್ರಪ್ಪ ನನಗೆ, ಯಾರಿಗೆ ಓದಲಿ, ಟವಲ್ಲಿಗಾ? ಓದುತ್ತಿದ್ದೇನೆ, ಗೇಟು ತೆಗೆದು ನೀರು ಬಿಡುವ ಮೊದಲೇ ಕಾಲುವೆಯ ಕೊನೆಯ ಊರಿಗೂ ಮೊಬೈಲಿನಲ್ಲಿ ಸುದ್ದಿ ಹೋಗಬೇಕು, ಅಷ್ಟೇ, ಕಂಪ್ಯೂಟರ್ ಬಂದಿದೆ, ಪೂಜೆಯಾಗಿದೆ, ಅಧ್ಯಕ್ಷರು ಕಾಯಿ ಒಡೆದು ಫೋಟೋ ತೆಗೆಸಿಕೊಂಡು ಹೋದರು, ಗೇಟಿನ ವಿಭಾಗಕ್ಕೆ ಒಂದು ಮಾತು ಹೇಳಿ ಅಂದರೆ ಮಾತ್ರ ಪುರುಸೊತ್ತಿಲ್ಲ, ಆ ವಿಭಾಗದ ದೇವಿಂದ್ರ ಮೂಲೆಯಲ್ಲಿ ಕೂತು ಮೀಸೆಯಡಿ ನಗುತ್ತಿದ್ದಾನೆ, ಸಾಹೇಬ್ರು ಹೇಳ್ಲಿ, ಆಮ್ಯಾಲ ನೀರು ಬಿಡೋ ಟೈಮ್ ಕೊಡ್ತೀನ್ರಿ, ಅಲ್ಲೀತನಕ ನಾ ಯಾಕ ಮೈಮ್ಯಾಲ ಹಾಕ್ಕೊಳ್ಲಿ — ಹೋದ ವರ್ಷವೂ ಇದೇ ಮಾತು, ನೀರಿಲ್ಲದ ಕಾಲುವೆಯ ಸಿಮೆಂಟಿನ ಮೇಲೆ ಎಲ್ಲರ ಹಾಗೆ ಕೊನೆಯ ಊರಿನ ಹಜರಾಬೀ ಮೆಣಸಿನಕಾಯಿ ಒಣಹಾಕಿದ್ದಳು, ಹೇಳದೆ ಕೇಳದೆ ನೀರು ಬಂತು, ವರ್ಷದ ದುಡಿಮೆ ಕೆಂಪಗೆ ತೇಲಿ ಹೋಯಿತು, ದಂಡೆಯ ಮೇಲೆ ನೀರಿನ ಜೊತೆಗೇ ಓಡಿದಳಂತೆ, ಆಮೇಲೆ ಇಲ್ಲಿ ಬಂದು ನನ್ನ ಮೇಜಿನ ಮುಂದೆ, ಮೇಡಂ, ಒಂದು ಫೋನ್ ಮಾಡಿದ್ರ ಬಳಕೊಂಡು ಒಯ್ತಿದ್ನಲ್ರಿ — ಈ ವರ್ಷವೂ ಹಾಕಿದ್ದಾಳೆ, ನಿನ್ನೆ ಬಸ್ಸಿನಿಂದ ಕಂಡೆ, ಇಳಿದು ಹೋಗಿ ತೆಗಿ ಅಂದರೆ, ಇನ್ನಾ ಹಸಿ ಅದಾವ್ರಿ, ನೀರು ಯಾವಾಗ ಬರ್ತದ ಅಷ್ಟ್ ಹೇಳ್ರಿ, ಅಷ್ಟೇ ನನಗೂ ಗೊತ್ತಿಲ್ಲ, ಎಂಥ ನಾಚಿಕೆಗೇಡು — ಬಾಗಿಲು ಸದ್ದಾಯಿತು, ಬಂದರಾ? ಅಲ್ಲ, ಅವರ ಡ್ರೈವರ್ ಯಾಕೂಬಸಾಬ, ಸಾಹೇಬ್ರು ಯಾದಗಿರಿಗೆ ಹೊಂಟಾರ್ರಿ, ಕಾರಿನ್ಯಾಗ ಕುಂತಾರ, ಟವಲ್ ತರಾಕ ಹೇಳ್ಯಾರ, ಎತ್ತಿ ಹೆಗಲಿಗೆ ಹಾಕಿಕೊಂಡ, ಅಂಬ್ರಪ್ಪ ಎದ್ದು ನಿಂತರು, ದೇವಿಂದ್ರ ಎದ್ದ, ಟವಲ್ ಬಾಗಿಲು ದಾಟುವವರೆಗೆ ಎಲ್ಲರೂ ನಿಂತೇ ಇದ್ದರು, ಥೂ, ನಾನೂ ನಿಂತಿದ್ದೇನೆ, ಯಾವಾಗ ಎದ್ದೆ? ಸಭಾ ಮುಗೀತಲ್ರಿ, ದೇವಿಂದ್ರ ಮೈಮುರಿಯುತ್ತಿದ್ದಾನೆ, ಈಗ ಹೇಳ್ತೀನಿ ಕೇಳ್ರಿ ಮೇಡಂ, ನೀರು ನಸಿಕಿನ್ಯಾಗೇ ಬಿಟ್ಟಾರ, ಕೊನೀ ಊರಿಗೆ ಇಷ್ಟೊತ್ತಿಗೆ ಮುಟ್ಟಿರ್ತದ — ಇಷ್ಟು ಹೊತ್ತೂ ಇವನಿಗೆ ಗೊತ್ತಿತ್ತು, ನಾನು ಓದುವಾಗಲೂ, ಟವಲ್ಲಿಗೆ ಓದುವಾಗಲೂ, ಹಜರಾಬೀಯ ನಂಬರು ಒತ್ತಿದ್ದೇನೆ, ರಿಂಗಾಗುತ್ತಿದೆ, ಎತ್ತುತ್ತಿಲ್ಲ, ರಿಂಗಾಗುತ್ತಿದೆ, ದಂಡೆಯ ಮೇಲೆ ಓಡುತ್ತಿದ್ದಾಳೆ, ನೀರಿನ ಮೇಲೆ ಕೆಂಪು ಮೆಣಸಿನಕಾಯಿ, ನೀರಿನ ಮೇಲೆ, ಕೆಂಪು ಮೆಣಸಿನಕಾಯಿ